ಗುಂಡು ಇಲ್ಲದೆ ಓಡದ ಗಾಡಿಗಳು

ಶೀನ: ಇವತ್ತು ತೀರ್ಮಾನ ಆಗ್ಲೇಬೇಕು. 1970ರ ದಶಕದ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋ 2 ಒಂದು ಕಡೆ, ಅದೇ ಕಾಲದ ಮರ್ಸಿಡಿಸ್ 450 ಎಸ್‌ಇಎಲ್ 6.9 ಇನ್ನೊಂದು ಕಡೆ. ರೋಡಿಗಿಳಿದ್ರೆ ಯಾವುದು ಮೇಲು?

ಗೋಪಿ: ಇದಕ್ಕೂ ಪಂಚಾಯ್ತಿನಾ? ಮರ್ಸಿಡಿಸ್‌ಗೆ 286 ಅಶ್ವಶಕ್ತಿ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಏಳೂವರೆ ಸೆಕೆಂಡೂ ಬೇಡ. ಶ್ಯಾಡೋಗೆ ಹನ್ನೊಂದರ ಆಸುಪಾಸು. ಗರಿಷ್ಠ ವೇಗ ಇದರದು 225, ಅದರದು ತಿಣುಕಿದ್ರೆ 190. ಮುಗೀತು, ಏಳು.

ಸುಬ್ಬು: ಶ್ಯಾಡೋಗೆ ಅಶ್ವಶಕ್ತಿ ಎಷ್ಟು?

ಗೋಪಿ: ಸಾಕಷ್ಟು.

ಸುಬ್ಬು: ಎಷ್ಟೋ ಅಂದೆ!

ಗೋಪಿ: ಅದೇ ಕಣೋ, ಕಂಪನಿಯವರೇ ಆಗ ಕೊಡ್ತಿದ್ದ ಉತ್ತರ ಅದು. ಸಾಲ ಕೇಳಿದವನಿಗೆ ‘ನೋಡೋಣ’ ಅಂದ ಹಾಗೆ.

ಶೀನ: ಆ ಲೆಕ್ಕವೆಲ್ಲ ಗಾಡಿ ಹೊಸದಾಗಿದ್ದಾಗಿನದು. ಈಗ ಓಟ ಇರೋದು ಎಂಜಿನ್ನಲ್ಲಲ್ಲ, ಗುಂಡಲ್ಲಿ.

ಸುಬ್ಬು: ಗುಂಡು ಹಾಕ್ಕೊಂಡು ಗಾಡಿ ಓಡಿಸ್ಬಾರ್ದು ಮಾರಾಯ.

ಶೀನ: ಈ ಎರಡು ಗಾಡಿಗೆ ಗುಂಡು ಹಾಕದೆ ಓಡಿಸ್ಬಾರ್ದು. ನೈಟ್ರೋಜನ್ ತುಂಬಿದ ಕಬ್ಬಿಣದ ಗುಂಡು. ಒಳಗೆ ಅಡ್ಡಕ್ಕೆ ಒಂದು ರಬ್ಬರ್ ಪೊರೆ, ಆಚೆ ಗ್ಯಾಸು, ಈಚೆ ದ್ರವ. ಗ್ಯಾಸು ಸೋರಿದ್ರೆ ಕಾಯಿಲೆ ಶುರು. ಆದ್ರೆ ಎರಡಕ್ಕೂ ಒಂದೇ ಕಡೆ ನೋಯಲ್ಲ. ಮರ್ಸಿಡಿಸ್‌ನಲ್ಲಿ ಕಾಯಿಲ್ ಸ್ಪ್ರಿಂಗೇ ಇಲ್ಲ. ಗಾಡಿಯ 1,900 ಚಿಲ್ಲರೆ ಕೆಜಿ ಪೂರ್ತಿ ಎಣ್ಣೆ-ಗ್ಯಾಸಿನ ಮೇಲೆ. ಗುಂಡು ಸತ್ರೆ ಸೊಂಟ ಹೋಯ್ತು. ರೋಲ್ಸ್‌ನಲ್ಲಿ ಭಾರ ಹೊರೋಕೆ ಕಾಯಿಲ್ ಸ್ಪ್ರಿಂಗ್ ಇದೆ, ಹಿಂದೆ ಮಟ್ಟ ಸರಿಮಾಡೋಕೆ ಮಾತ್ರ ಹೈಡ್ರಾಲಿಕ್ಕು. ಅಲ್ಲಿ ಗುಂಡು ಸತ್ರೆ ಕುಗ್ಗೋದು ಬ್ರೇಕು.

ಗೋಪಿ: ಅಯ್ಯೋ! ಎರಡು ಟನ್ ದಾಟಿದ ಗಾಡಿಗೆ ಬ್ರೇಕಾ?

ಶೀನ: ಎಂಜಿನ್‌ನಿಂದ ತಿರುಗೋ ಎರಡು ಪಂಪು, ಬ್ರೇಕಿನ ಒತ್ತಡ ಕೂಡಿಡೋಕೆ ಎರಡು ಗುಂಡು, ಒತ್ತಡ ಇಳಿದ್ರೆ ಹತ್ತೋ ಎರಡು ಎಚ್ಚರಿಕೆ ದೀಪ. ಒತ್ತಡ 2,500 ಪಿಎಸ್‌ಐವರೆಗೂ ಏರತ್ತೆ. ಪರೀಕ್ಷೆ ಸುಲಭ. ಎಂಜಿನ್ ಕೆಲವು ನಿಮಿಷ ಓಡಿಸಿ ನಿಲ್ಲಿಸು, ಇಗ್ನಿಷನ್ ಆನ್ ಇರ್ಲಿ. ಪೆಡಲ್ಲನ್ನ ಪೂರ್ತಿ ಒತ್ತಿ ಬಿಡು, ಒತ್ತಿ ಬಿಡು, ಎಣಿಸ್ತಾ ಹೋಗು. ಮೂವತ್ತು ದಾಟಿದ ಮೇಲೆ ದೀಪ ಬಂದ್ರೆ ಗುಂಡು ಗಟ್ಟಿ. ಹತ್ತರೊಳಗೆ ಬಂದ್ರೆ ಓಟದ ಮಾತು ಬಿಡು, ಗಾಡಿ ಹೊರಗೇ ತೆಗೀಬೇಡ.

ಸುಬ್ಬು: ಬ್ರೇಕ್ ಆಯಿಲ್ ಯಾವುದಾದ್ರೂ ನಡೆಯತ್ತಲ್ಲ?

ಶೀನ: ಇಲ್ಲೇ ಎಲ್ಲರೂ ಮುಗ್ಗರಿಸೋದು. ಶ್ಯಾಡೋಗೆ ಆರ್‌ಆರ್ 363 ಅಂತಲೇ ಬೇರೆ ಬ್ರೇಕ್ ಆಯಿಲ್ ಇದೆ. ಅದರಲ್ಲಿರೋ ಹರಳೆಣ್ಣೆ ಅಂಶವೇ ಪಂಪಿಗೆ ಜಿಡ್ಡು. ಬೇರೆ ಗಾಡಿಗಳಿಗೆ ಹಾಕೋ ಮಾಮೂಲಿ ಡಾಟ್ 4 ಆಯಿಲ್ ಸುರಿದ್ರೆ ಪಂಪು ಕೀಚಲು ಹಾಡು ಶುರು ಮಾಡಿ ಸವೀತದೆ. 1980ರ ಸಿಲ್ವರ್ ಸ್ಪಿರಿಟ್‌ನಿಂದ ಮಿನರಲ್ ಆಯಿಲ್ ಬಂತು. ‘ಅದೂ ರೋಲ್ಸೇ ಅಲ್ವಾ’ ಅಂತ ಅದನ್ನ ಶ್ಯಾಡೋಗೆ ಹಾಕಿದ್ರೆ ಸೀಲುಗಳೆಲ್ಲ ಊದ್ಕೊಂಡು ಕೂರ್ತವೆ. ಒಂದು ಲೋಟದ ತಪ್ಪಿಗೆ ಇಡೀ ಬ್ರೇಕ್ ಬಿಚ್ಚಬೇಕು.

ಗೋಪಿ: ನಮ್ಮ ಮರ್ಸಿಡಿಸ್‌ಗೆ ಅಂಥ ಮಡಿ ಇಲ್ಲ.

ಶೀನ: ಅದಕ್ಕೆ ಬೇರೆ ಮಡಿ. ಮಡ್‌ಗಾರ್ಡ್ ಮೇಲೆ ಕೈಯಿಟ್ಟು ಒತ್ತಿ ನೋಡು. ತೇಲಿ ಮೇಲೆ ಬಂದ್ರೆ ಸರಿ. ಕಲ್ಲುಬೆಂಚಿನ ಹಾಗೆ ಅಲುಗದೆ ಇದ್ರೆ ಗುಂಡಿನ ಗ್ಯಾಸು ಖಾಲಿ. ಅಂಥ ಗಾಡಿಗೆ ಹಳ್ಳ ಬಂದ್ರೆ ಚಕ್ರ ಇಳಿಯಲ್ಲ, ಹಾರತ್ತೆ. ಆಗ ನಿನ್ನ 286 ಕುದುರೆ ಹುಲ್ಲು ಮೇಯೋಕೆ ಹೋಗ್ಬೇಕು. ಕೆಲವರು ಗಾಡಿಯ ಮಟ್ಟ ಹೊಂದಿಸೋ ಕಡ್ಡಿ ತಿರುಗಿಸಿ ಎತ್ತರಿಸಿ ‘ಸರಿ ಆಯ್ತು’ ಅಂತಾರೆ. ಅದು ಎತ್ತರ ಅಷ್ಟೇ, ಮೆತ್ತಗಾಗಲ್ಲ. ಹಾಗೇ ಎತ್ತರಿಸಿದ ಗಾಡಿ ಕೆಳಗೆ ಸ್ಟ್ಯಾಂಡ್ ಇಡದೆ ತೂರಬೇಡ, ಒತ್ತಡ ಇಳಿದ್ರೆ ಗಾಡೀನೂ ಇಳಿಯತ್ತೆ.

ಸುಬ್ಬು: ಎಂಜಿನ್ ಆಯಿಲಾದ್ರೂ ಸಾಮಾನ್ಯದ್ದಾ?

ಶೀನ: ಮರ್ಸಿಡಿಸ್‌ದು ಡ್ರೈ ಸಂಪು. ಅಂದ್ರೆ ಆಯಿಲ್ ಇರೋದು ಎಂಜಿನ್ ತಳದಲ್ಲಲ್ಲ, ಪ್ರತ್ಯೇಕ ಟ್ಯಾಂಕಲ್ಲಿ. ಎಂಜಿನ್ ಬಿಸಿಯಾಗಿ, ಓಡ್ತಾ ಇರುವಾಗಲೇ ಕಡ್ಡಿ ಅದ್ದಿ ನೋಡ್ಬೇಕು. ನಿಲ್ಲಿಸಿ ನೋಡಿ ಕಮ್ಮಿ ಅಂತ ಸುರಿದವರು ಹೆಚ್ಚು ತುಂಬಿಸಿ ಹೊಗೆ ಎಬ್ಬಿಸ್ತಾರೆ.

ಗೋಪಿ: ಸರಿ, ಎರಡಕ್ಕೂ ಗುಂಡು ಹೊಸದು. ಈಗ ಹೇಳು.

ಶೀನ: ತಿರುವಲ್ಲಿ, ಏರಲ್ಲಿ ಮರ್ಸಿಡಿಸ್, ಎರಡು ಮಾತಿಲ್ಲ. ಹಿಂದಿನ ಸೀಟಲ್ಲಿ ನಿದ್ದೆ ಮಾಡೋ ಓಟ ಇದ್ರೆ ಶ್ಯಾಡೋ.

ಸುಬ್ಬು: ಅದರಲ್ಲಿ ನಾನೇ ಗೆಲ್ಲೋದು. ಪೆಡಲ್ ಎಣಿಸೋಕೆ ಗೋಪೀನ ಕೂರ್ಸಿ.