ಅಪ್ಪನ ಎಂಪಿ3 ಪ್ಲೇಯರ್ ಹ್ಯಾಂಗ್ ಆಗಿದೆ, ಫಾರ್ಮ್ಯಾಟ್ ಮಾಡಬಹುದಾ?

ಪ್ರಶ್ನೆ (ಗದಗ): ನಮಸ್ಕಾರ ಅಣ್ಣಾ. ಅಪ್ಪನ ಹತ್ರ ಬಟನ್ ಇರುವ ಸಣ್ಣ ಎಂಪಿ3 ಪ್ಲೇಯರ್ ಇದೆ, ಒಳಗೆ 16 ಜಿಬಿ ಕಾರ್ಡ್. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ ಅವರ ಗಾಯನ ತುಂಬಿಕೊಟ್ಟಿದ್ದೇವೆ. ನಮ್ಮ ಓಣಿಯ ಭಜನಾ ಮೇಳದಲ್ಲಿ ಅಪ್ಪ ಹಾಡಿದ್ದೂ ಅದರಲ್ಲೇ ಇದೆ, ಬೇರೆ ಕಾಪಿ ಇಲ್ಲ. ಕಳೆದ ವಾರ ತಮ್ಮ ಹೊಸ ಹಾಡು ಹಾಕಿದ. ಅವತ್ತಿನಿಂದ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಹ್ಯಾಂಗ್ ಆಗುತ್ತದೆ. ಯಾವ ಬಟನ್ ಒತ್ತಿದರೂ ಕೆಲಸ ಮಾಡುವುದಿಲ್ಲ. ಪಕ್ಕದ ಮನೆಯವರು ಫಾರ್ಮ್ಯಾಟ್ ಮಾಡಿ ಅಂತಾರೆ.

ಉತ್ತರ (ಹುಬ್ಬಳ್ಳಿ, ರಿಪೇರಿ ಅಂಗಡಿ): ಅಕ್ಕಾರ, ಫಾರ್ಮ್ಯಾಟ್ ಮಾತ್ರ ಈಗ ಬೇಡ್ರಿ. ಮಾಡಿದರೆ ಅಪ್ಪಾರ ಧ್ವನಿಯೂ ಅಳಿಸಿ ಹೋಗುತ್ತದೆ.

ಮೊದಲು ಬದಿಯಲ್ಲಿ ಹೋಲ್ಡ್ ಸ್ವಿಚ್ ಇದೆಯಾ ನೋಡಿ. ಜೇಬಿನಲ್ಲಿ ಅದು ಸರಿದಿದ್ದರೆ ಬಟನ್‌ಗಳು ಲಾಕ್ ಆಗಿರುತ್ತವೆ. ಹಾಡು ನಡೀತಿದ್ದು ಬಟನ್ ಮಾತ್ರ ಕೇಳದಿದ್ದರೆ ಬಹಳ ಸಲ ಅದೇ ಕಾರಣ. ಅದಲ್ಲ ಅಂದರೆ ಪವರ್ ಬಟನ್ 10–15 ಸೆಕೆಂಡು ಒತ್ತಿ ಹಿಡಿಯಿರಿ. ಆಫ್ ಆಗದಿದ್ದರೆ ರೀಸೆಟ್ ಅಂತ ಬರೆದ ಸಣ್ಣ ತೂತಿಗೆ ಪಿನ್ ಹಾಕಿ ಮೆತ್ತಗೆ ಒತ್ತಿ. ಬರೆದಿಲ್ಲದ ತೂತು ಮುಟ್ಟಬೇಡಿ, ಅದು ಮೈಕ್ ಇರಬಹುದು. ಚುಚ್ಚಿದರೆ ಹಾಳಾಗುತ್ತದೆ.

ಆಫ್ ಆದ ಮೇಲೆ ಕಾರ್ಡ್ ತೆಗೆದು ರೀಡರ್‌ನಲ್ಲಿ ಹಾಕಿ, ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಭಜನೆಯದ್ದು ಮೊದಲು. ಆಮೇಲೆ ಕಾರ್ಡ್ ಇಲ್ಲದೆ ಪ್ಲೇಯರ್ ಆನ್ ಮಾಡಿ ಏನಾಯಿತು ಹೇಳಿ.

ಗದಗ: ಅಣ್ಣಾ, ಎಲ್ಲಾ ಕಾಪಿ ಆಯಿತು! ಭಜನೆ ಕೇಳಿ ನೋಡಿದೆವು, ಸರಿಯಾಗಿದೆ. ಕಾರ್ಡ್ ಇಲ್ಲದಿದ್ದರೆ ಪ್ಲೇಯರ್ ಹ್ಯಾಂಗ್ ಆಗುತ್ತಿಲ್ಲ.

ಹುಬ್ಬಳ್ಳಿ: ಹಾಗಾದರೆ ಪ್ಲೇಯರ್ ಚೆನ್ನಾಗಿದೆ, ತೊಂದರೆ ಕಾರ್ಡ್‌ನಲ್ಲಿದೆ. ಆನ್ ಆದ ಕೂಡಲೇ ಪ್ಲೇಯರ್ ಕಾರ್ಡ್‌ನ ಎಲ್ಲ ಹಾಡುಗಳ ಹೆಸರು ಓದಿ ಪಟ್ಟಿ ಮಾಡಿಕೊಳ್ಳುತ್ತದೆ. ನಡುವೆ ಅರ್ಧಂಬರ್ಧ ಕಾಪಿಯಾದ ಒಂದು ಫೈಲ್ ಸಿಕ್ಕರೂ ಅಲ್ಲೇ ನಿಂತುಬಿಡಬಹುದು. ತಮ್ಮ ಎಜೆಕ್ಟ್ ಮಾಡದೆ, ಅಂದರೆ ಕಾರ್ಡ್ ತೆಗೆಯುತ್ತೇನೆ ಅಂತ ಕಂಪ್ಯೂಟರಿಗೆ ಮೊದಲು ಹೇಳದೆ, ಕಾರ್ಡ್ ಕಿತ್ತಿರಬಹುದು ಅಲ್ವಾ? ಹೊಸ ಹಾಡುಗಳನ್ನೆಲ್ಲ ಕಾರ್ಡ್‌ನಿಂದ ತೆಗೆದು ನೋಡಿ. ಸರಿಯಾದರೆ ಅರ್ಧ ಹಾಡು ಹಾಕಿ, ನಡೆದರೆ ಉಳಿದ ಅರ್ಧ. ನಿಲ್ಲುವ ಅರ್ಧವನ್ನು ಮತ್ತೆ ಎರಡು ಮಾಡಿ. 40 ಹಾಡಿದ್ದರೂ ಐದಾರು ಸಲಕ್ಕೆ ಕೆಟ್ಟ ಫೈಲ್ ಸಿಗುತ್ತದೆ. ಹಳೆಯ ಹಾಡುಗಳಿಂದಲೇ ನಿಂತರೆ ಮಾತ್ರ ಫಾರ್ಮ್ಯಾಟ್, ಅದೂ ಫ್ಯಾಟ್32ರಲ್ಲಿ (ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್ ಯಾವುದು ಅಂತ ಕೇಳಿದರೆ ಇದನ್ನು ಆರಿಸಿ).

ಹಾವೇರಿಯ ಸದಸ್ಯರು: ಸರ್, ನನ್ನ ಹತ್ರ ಚಕ್ರ ಇರುವ ಹಳೆಯ ಐಪಾಡ್ ಕ್ಲಾಸಿಕ್ ಇದೆ. ರೀಸೆಟ್ ತೂತು ಎಲ್ಲೂ ಕಾಣುತ್ತಿಲ್ಲ.

ಹುಬ್ಬಳ್ಳಿ: ಅದಕ್ಕೆ ತೂತು ಇಲ್ಲ ಸರ್. ಮೇಲಿನ ಹೋಲ್ಡ್ ಸ್ವಿಚ್ ಒಮ್ಮೆ ಸರಿಸಿ, ವಾಪಸ್ ತನ್ನಿ. ಆಮೇಲೆ ಮೆನು ಮತ್ತು ನಡುವಿನ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ, ಸೇಬಿನ ಗುರುತು ಬರುವವರೆಗೆ ಬಿಡಬೇಡಿ. 6–8 ಸೆಕೆಂಡು ಸಾಕು. ಹಾಡು ಅಳಿಸುವುದಿಲ್ಲ.

ಗದಗ: ಅಣ್ಣಾ, ಕೆಟ್ಟ ಫೈಲ್ ಸಿಕ್ಕಿತು, ಈಗ ಸರಿಹೋಗಿದೆ. ಇನ್ನೊಂದು. ಅಪ್ಪನಿಗೆ ಕಣ್ಣು ಮಂಜು. ರಾಗ ಮುಂದೆ ಓಡಿಸಲು ಹೋಗಿ ಪ್ರತಿ ಸಲ ಮುಂದಿನ ಹಾಡಿಗೆ ಹೋಗಿಬಿಡುತ್ತಾರೆ.

ಹುಬ್ಬಳ್ಳಿ: ಮುಂದಿನ ಹಾಡಿನ ಬಟನ್ ಒತ್ತಿ ಬಿಟ್ಟರೆ ಹಾಡು ಬದಲಾಗುತ್ತದೆ. ಒತ್ತಿ ಹಿಡಿದರೆ ಅದೇ ಹಾಡು ಮುಂದೆ ಓಡುತ್ತದೆ. 40 ನಿಮಿಷದ ಖಯಾಲ್ ಕೇಳುವವರಿಗೆ ಇದು ಬೇಕೇ ಬೇಕು, ಅಪ್ಪಾರ ಬೆರಳು ಹಿಡಿದು ನಾಲ್ಕು ಸಲ ಮಾಡಿಸಿ. ಸೆಟ್ಟಿಂಗ್‌ನಲ್ಲಿ ರೆಸ್ಯೂಮ್ ಇದ್ದರೆ ಆನ್ ಮಾಡಿಡಿ, ನಿಲ್ಲಿಸಿದ ಜಾಗದಿಂದಲೇ ಶುರುವಾಗುತ್ತದೆ. ಪ್ಲೇ ಬಟನ್ ಮೇಲೆ ಉಬ್ಬಿದ ಕಲ್ಲಿನ ಬಿಂದಿ ಒಂದು ಅಂಟಿಸಿ. ಬೆರಳಿಗೆ ಅದು ಸಿಕ್ಕರೆ ಉಳಿದ ಬಟನ್ ಎಲ್ಲಿವೆ ಅಂತ ಅವರಿಗೇ ತಿಳಿಯುತ್ತದೆ. ಎಲ್ಲದಕ್ಕೂ ಅಂಟಿಸಬೇಡಿ, ಗೊಂದಲ ಆಗುತ್ತದೆ.