ಪಾರ್ಟ್‌ಟೈಮ್ ಕೆಲಸ, ದೂರಶಿಕ್ಷಣದಲ್ಲಿ ಎಂ.ಕಾಂ: ಯುವನಿಧಿ, ಸ್ಕಾಲರ್‌ಶಿಪ್ ಎರಡೂ ಸಿಗುತ್ತಾ?

ಸಂಜೆ ಶಿಫ್ಟ್: ಬಿ.ಕಾಂ 2023-24ರಲ್ಲಿ ಪಾಸ್. ಮೆಡಿಕಲ್ ಶಾಪಲ್ಲಿ ಸಂಜೆ ನಾಲ್ಕು ಗಂಟೆ ಲೆಕ್ಕ ಬರೆಯೋ ಕೆಲಸ, ಕೈಗೆ 7,000. ಪಿಎಫ್ ಇಲ್ಲ. ಮುಕ್ತ ವಿವಿಯಲ್ಲಿ ಎಂ.ಕಾಂ ಸೇರಿದ್ದೀನಿ, ಎಸ್ಸಿ ಕೆಟಗರಿ. ಯುವನಿಧಿಗೂ ಎಸ್‌ಎಸ್‌ಪಿಗೂ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಬಹುದಾ? ಅಮ್ಮನಿಗೆ ಗೃಹಲಕ್ಷ್ಮಿ ಬರ್ತಿದೆ, ಅದಕ್ಕೆ ತೊಂದರೆ ಆಗುತ್ತಾ? ಅನುಭವ ಇದ್ದವರು ಹೇಳಿ.

ಮೂರನೇ ಬೆಂಚು: ಯುವನಿಧಿ ಮರೆತುಬಿಡಿ. ಪಾಸಾಗಿ 180 ದಿನ ಆದರೂ ಕೆಲಸ ಇಲ್ಲದವರಿಗೆ ಅದು. ಸರ್ಕಾರಿ ಕೆಲಸ, ಖಾಸಗಿ ಕೆಲಸ, ಅಪ್ರೆಂಟಿಸ್ ಭತ್ಯೆ, ಸಾಲ ತಗೊಂಡು ಸ್ವಂತ ಉದ್ಯೋಗ, ಮೇಲಿನ ಓದಿಗೆ ದಾಖಲಾತಿ, ಇದರಲ್ಲಿ ಒಂದಿದ್ದರೂ ಅನರ್ಹ. ನಿಮಗೆ ಎರಡಿದೆ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅಂದರೆ 72,000. ಈ ಮೊತ್ತ ನೋಡಿಯೇ ಜನ ಎಂ.ಎ, ಎಂ.ಕಾಂ ಮುಂದಕ್ಕೆ ಹಾಕೋದು. ಸ್ವಯಂ ಘೋಷಣೆ ಕೊಡ್ತಾ ಇರಬೇಕು, ತಪ್ಪಿದರೆ ದುಡ್ಡು ನಿಂತಿತು. ಅರ್ಜಿ ಹಾಕಿದ ದಿನ ಸುಮ್ಮನಿದ್ದ ಅಣ್ಣಂದಿರು ಕಂತು ನಿಂತ ಮೇಲೆ ಎದ್ದು ಕೂತು ‘ಸರ್ಕಾರ ಮೋಸ ಮಾಡಿತು’ ಅಂತಾರೆ.

ಕ್ಯಾಶ್ ಕೌಂಟರ್: ದೊಡ್ಡ ಮಾತು. ಅವರು ನೋಡೋದು ಪಿಎಫ್, ಇಎಸ್‌ಐ ಡೇಟಾ. ನಾಲ್ಕು ಜನ ಇರೋ ಅಂಗಡಿಗೆ ಅದು ಅನ್ವಯವೇ ಆಗಲ್ಲ, ಪಿಎಫ್‌ಗೆ 20 ಜನ ಬೇಕು, ಇಎಸ್‌ಐಗೆ 10. ಯಾರಿಗೆ ಗೊತ್ತಾಗುತ್ತೆ?

ಮೂರನೇ ಬೆಂಚು: ಗೊತ್ತಾಗದೇ ಇರೋದು ಅರ್ಹತೆ ಅಲ್ಲ ಸಾರ್. ‘ನಾನು ನಿರುದ್ಯೋಗಿ, ಓದುತ್ತಿಲ್ಲ’ ಅಂತ ಘೋಷಣೆ ಅವರ ಹೆಸರಲ್ಲಿ ಹೋಗುತ್ತೆ, ನಿಮ್ಮ ಹೆಸರಲ್ಲಲ್ಲ. ಸುಳ್ಳು ಅಂತ ತಿಳಿದರೆ ಕೊಟ್ಟ ದುಡ್ಡು ವಾಪಸ್ ಕೇಳ್ತಾರೆ. ಸಲಹೆ ಕೊಟ್ಟವರು ಕಟ್ಟಿಕೊಡ್ತೀರಾ?

ಯುಎಎನ್ ನೊಂದವ: ನಿಜವಾಗಿ ಕೆಲಸ ಬಿಟ್ಟವರಿಗೂ ಇಲ್ಲಿ ಒಂದು ಗುಂಡಿ ಇದೆ. ಯಾವುದೋ ಕಾಲ್ ಸೆಂಟರ್‌ನಲ್ಲಿ ಹದಿನೈದು ದಿನ ಮಾಡಿ ಬಿಟ್ಟಿದ್ದರೂ ಆಧಾರ್ ಮೇಲೆ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಹುಟ್ಟಿರುತ್ತೆ. ಕಂಪನಿ ಬಿಟ್ಟ ದಿನಾಂಕ ಹಾಕಿರಲ್ಲ, ದಾಖಲೆಯಲ್ಲಿ ಇನ್ನೂ ನೌಕರ. ಎಚ್‌ಆರ್‌ಗೆ ಫೋನ್ ಮಾಡ್ತಾ ಕೂರಬೇಡಿ. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ‘ಮ್ಯಾನೇಜ್’ ಒಳಗೆ ‘ಮಾರ್ಕ್ ಎಕ್ಸಿಟ್’ ಇದೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ಕೊನೆಯ ವಂತಿಗೆ ಬಿದ್ದ ತಿಂಗಳಿನ ದಿನಾಂಕವೇ ಹಾಕಿ. ಹಾಕೋ ಮೊದಲು ಸರಿಯಾಗಿ ನೋಡಿಕೊಳ್ಳಿ.

ಆರ್‌ಡಿ ನಂಬರ್: ಸ್ಕಾಲರ್‌ಶಿಪ್‌ಗೆ ಬನ್ನಿ. ಪೋಸ್ಟ್ ಮೆಟ್ರಿಕ್‌ನಲ್ಲಿ (ಎಸ್ಸೆಸ್ಸೆಲ್ಸಿ ನಂತರದ ಓದಿನ ಸ್ಕಾಲರ್‌ಶಿಪ್) ಎಸ್ಸಿ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. 2021ರ ಕೇಂದ್ರ ಮಾರ್ಗಸೂಚಿಯಲ್ಲಿ ಎಂ.ಕಾಂ ಮೂರನೇ ಗುಂಪು: ಹಾಸ್ಟೆಲ್‌ನವರಿಗೆ 6,000, ಮನೆಯಿಂದ ಹೋಗಿಬಂದು ಓದೋರಿಗೆ 3,000, ವರ್ಷಕ್ಕೆ. ತಿಂಗಳಿಗಲ್ಲ! ಪ್ರತಿ ವರ್ಷ ಇದೇ ಗೊಂದಲ. ರಾಜ್ಯದ 40 ಭಾಗ ಮೊದಲು, ಅದು ಬಿದ್ದ ಮೇಲೆ ಕೇಂದ್ರದ 60. ಅರ್ಧಕ್ಕಿಂತ ಕಮ್ಮಿ ಬಂತು ಅಂತ ಗಾಬರಿ ಬೇಡ.

ಎಡವೋದು ಇಲ್ಲಿ. ಆದಾಯ ಪ್ರಮಾಣಪತ್ರದಲ್ಲಿ (ಅದರ ಮೇಲಿನ ಆರ್‌ಡಿ ಸಂಖ್ಯೆ ಹಾಕಿದಾಗ ಬರೋ) ಹೆಸರು ‘ಮಂಜುನಾಥ ಎಸ್’, ಆಧಾರ್‌ನಲ್ಲಿ ‘ಎಸ್ ಮಂಜುನಾಥ್’. ನಿಮಗೆ ಒಬ್ಬನೇ ಮನುಷ್ಯ, ಸಿಸ್ಟಮ್‌ಗೆ ಇಬ್ಬರು. ಆಧಾರ್ ಮೊದಲು ಎಸ್ಸೆಸ್ಸೆಲ್ಸಿಯಂತೆ ಸರಿಮಾಡಿ, ಆಮೇಲೆ ನಾಡಕಚೇರಿ. ತಿರುಗಮುರುಗ ಮಾಡಿದರೆ ಆರ್‌ಡಿ ಎರಡು ಸಲ ಮಾಡಿಸಬೇಕು. ರಿಜಿಸ್ಟರ್ ನಂಬರ್ ಹಾಕಿದಾಗ ‘ಮಾಹಿತಿ ಇಲ್ಲ’ ಅಂದರೆ ವಿವಿ ಇನ್ನೂ ನಿಮ್ಮ ದಾಖಲೆ ಏರಿಸಿಲ್ಲ ಅಂತ, ಸೈಬರ್ ಅಂಗಡಿಯವನ ತಪ್ಪಲ್ಲ.

ಸೀಡಿಂಗ್ ಶಾಸ್ತ್ರಿ: ಆರ್‌ಡಿ ಎಲ್ಲಾ ಸರಿಯಿದ್ದೂ ದುಡ್ಡು ಕಾಣೆಯಾಗೋದು ಬ್ಯಾಂಕಲ್ಲಿ. ‘ಆಧಾರ್ ಲಿಂಕ್ ಆಗಿದೆ’ ಅಂತ ಮ್ಯಾನೇಜರ್ ಹೇಳಿದರೆ ನಂಬಬೇಡಿ, ಅದು ಕೆವೈಸಿ. ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋ ದುಡ್ಡು, ಹೋಗೋದು ಎನ್‌ಪಿಸಿಐ ಮ್ಯಾಪರ್‌ನಲ್ಲಿರೋ (ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನೋ ಪಟ್ಟಿ; ಆ ಜೋಡಣೆಗೇ ಸೀಡಿಂಗ್ ಅನ್ನೋದು) ಖಾತೆಗೆ, ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಫೋನಲ್ಲೇ ಹೊಸ ಖಾತೆ ತೆರೆಯುವಾಗ ಡಿಬಿಟಿ ಒಪ್ಪಿಗೆಗೆ ಟಿಕ್ ಬಿದ್ದರೆ ಮ್ಯಾಪಿಂಗ್ ಅಲ್ಲಿಗೆ ಜಿಗಿಯುತ್ತೆ. ಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ, ಬ್ಯಾಂಕ್ ಹೆಸರು ಓದಿ. ಬೇರೆ ಇದ್ದರೆ ಬೇಕಾದ ಶಾಖೆಗೆ ಹೋಗಿ ಸೀಡಿಂಗ್ ಅರ್ಜಿಯಲ್ಲಿ ಹಳೇ ಬ್ಯಾಂಕಿನ ಹೆಸರನ್ನೂ ಬರೆಯಿರಿ. ಆಮೇಲೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಕಂತು ಯಾವ ಖಾತೆಗೆ ಹೋಯ್ತು ಅಂತ ಕಾಣುತ್ತೆ.

ಆರ್‌ಡಿ ನಂಬರ್: ಸೀಡಿಂಗ್ ಕಡೇ ಮಾತು. ಅರ್ಜಿಯೇ ಮಂಜೂರಾಗದೆ ಖಾತೆ ತಗೊಂಡು ಏನ್ ಮಾಡ್ತೀರಿ ಶಾಸ್ತ್ರಿಗಳೇ?

ಸೀಡಿಂಗ್ ಶಾಸ್ತ್ರಿ: ಮಂಜೂರಾಗಿ ವರ್ಷ ಕಳೆದರೂ ಕೈಗೆ ಬಾರದ ದುಡ್ಡಿಗೆ ನಿಮ್ಮ ಆರ್‌ಡಿಗೆ ಊದುಬತ್ತಿ ಹಚ್ಚಲಾ?

ಕ್ಯಾಶ್ ಕೌಂಟರ್: ಗೃಹಲಕ್ಷ್ಮಿ ಹೋಗುತ್ತೆ. ಮಗ ಐಟಿ ರಿಟರ್ನ್ ಹಾಕಿದರೆ ಮುಗೀತು.

ಕೆಂಪು ಕಾರ್ಡು: ಅರ್ಧ ಗೊತ್ತಿರೋರೇ ಜಾಸ್ತಿ ಹೆದರಿಸೋದು. ಗೃಹಲಕ್ಷ್ಮಿಯಲ್ಲಿ ನೋಡೋದು ಮನೆಯ ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುತ್ತಾರಾ ಅಂತ. ಮಗನ ಲೆಕ್ಕ ಅಲ್ಲಿಲ್ಲ. ಎಪಿಎಲ್ ಇದ್ದರೂ ಆ 2,000 ಬರುತ್ತೆ. ಹೆದರಬೇಕಾದ್ದು ಬಿಪಿಎಲ್‌ಗೆ. ಅಲ್ಲಿ ಇಡೀ ಕುಟುಂಬದ ಆದಾಯ 1.2 ಲಕ್ಷ ದಾಟಬಾರದು, 7,000 ಅಂದರೆ ವರ್ಷಕ್ಕೆ 84,000, ಉಳಿದವರಿಗೆ 36,000 ಮಾತ್ರ ಜಾಗ. 2024ರ ನವೆಂಬರಿನಲ್ಲಿ ಕಾರ್ಡು ರದ್ದಾಗಿ ಗಲಾಟೆ ಎದ್ದಿದ್ದು ನೆನಪಿಲ್ವಾ? ಹೋದರೆ ಹೋಗೋದು ಅನ್ನಭಾಗ್ಯದ ಅಕ್ಕಿ.

ಕ್ಯಾಶ್ ಕೌಂಟರ್: ಅಂಗಡಿಯವನು ಟಿಡಿಎಸ್ (ಕೊಡುವ ಮೊದಲೇ ಹಿಡಿಯೋ ತೆರಿಗೆ) ಹಿಡಿದರೆ? ಅದನ್ನ ವಾಪಸ್ ಪಡೆಯೋಕೆ ರಿಟರ್ನ್ ಹಾಕಲೇಬೇಕಲ್ಲ?

ಕೆಂಪು ಕಾರ್ಡು: ತಿಂಗಳಿಗೆ 7,000 ಸಂಬಳಕ್ಕೆ ಯಾವ ಟಿಡಿಎಸ್ ಸ್ವಾಮಿ? ವೃತ್ತಿ ಶುಲ್ಕ ಅಂತ ತೋರಿಸಿದರೆ 10% ಹಿಡೀಬಹುದು, ಅದೂ 2025ರ ಏಪ್ರಿಲ್‌ನಿಂದ ವರ್ಷಕ್ಕೆ 50,000 ದಾಟಿದರೆ. ಸಂಜೆ ಶಿಫ್ಟ್ ಅವರೇ, ಅಂಗಡಿಯ ಪುಸ್ತಕ ಬರೆಯೋರು ನೀವೇ ತಾನೇ? ನಿಮ್ಮ ದುಡ್ಡನ್ನ ಯಾವ ತಲೆಬರಹದ ಕೆಳಗೆ ಬರೀತಿದ್ದೀರಿ, ತೆಗೆದು ನೋಡಿ.

ಸಂಜೆ ಶಿಫ್ಟ್: ‘ಇತರೆ ಖರ್ಚು’ ಅಂತಿದೆ.

ಆರ್‌ಡಿ ನಂಬರ್: ಇರಲಿ. ನಾಳೆ ನಾಡಕಚೇರಿಗೆ ಹೋಗುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒರಿಜಿನಲ್ ತಗೊಂಡು ಹೋಗಿ.

ಸೀಡಿಂಗ್ ಶಾಸ್ತ್ರಿ: ಪಾಸ್‌ಬುಕ್ಕೂ.