ಅಜ್ಜನ ಡಬ್ಬಿಯ ಗುಂಡು ಅಣಬೆ ಥರ ಯಾಕಿದೆ?

ಕೊಡಗಿನ ಹುಡುಗ, ಪುಣೆ
ಊರಿಂದ ಖಡಕಿಗೆ ಬರುವಾಗ ಅಜ್ಜನ ತಗಡಿನ ಡಬ್ಬಿ ತಂದೆ. ಒಳಗೊಂದು ರೈಫಲ್ ಗುಂಡಿದೆ. ಬೇಟೆ ನಿಷೇಧದ 1972ರ ಕಾನೂನಿಗೂ ಮೊದಲು ಕಾಡುಹಂದಿಯ ಮೈಯಿಂದ ತೆಗೆದದ್ದಂತೆ. ಸೀಸ ಅಣಬೆ ಥರ ಅರಳಿದೆ, ತಾಮ್ರದ ಹೊದಿಕೆ ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿದೆ. ಸೇನೆಯ ಗುಂಡು ಹೀಗಾಗಲ್ಲ ಅಂತಾರೆ, ನಿಜವಾ?

ಮಾಜಿ ಫೌಜಿ, ವಾಸ್ಕೊ
ನಿಜ ತಮ್ಮಾ. ನಮ್ಮದು ಫುಲ್ ಮೆಟಲ್ ಜಾಕೆಟ್, ಅಂದರೆ ಸೀಸದ ಮೇಲೆ ಗಟ್ಟಿ ಲೋಹದ ಹೊದಿಕೆ, ತುದಿಯೂ ಮುಚ್ಚಿರುತ್ತದೆ. ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲೇ ಹೇಗ್‌ನಲ್ಲಿ ಒಪ್ಪಂದವಾಗಿದೆ. ಬೇಟೆಯಲ್ಲಿ ಇದು ಪೂರ್ತಿ ಉಲ್ಟಾ. ಮುಚ್ಚಿದ ಗುಂಡು ಎಷ್ಟೋ ಸಲ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಪ್ರಾಣಿ ಓಡಿ ಎಲ್ಲೋ ನರಳಿ ಸಾಯುತ್ತದೆ, ಅದಕ್ಕೇ ಹಲವು ದೇಶಗಳಲ್ಲಿ ಜಿಂಕೆ ಬೇಟೆಗೆ ಅದನ್ನು ಬಿಡುವುದಿಲ್ಲ. ನಿನ್ನದು ಸಾಫ್ಟ್ ಪಾಯಿಂಟ್ ಇರಬೇಕು. ತುದಿಯಲ್ಲಿ ಬರೀ ಸೀಸ, ಮಾಂಸಕ್ಕೆ ಬಡಿದ ತಕ್ಷಣ ಅಗಲವಾಗುತ್ತದೆ.

ಡೊಂಬಿವಲಿಯಿಂದ
ಸುಮ್ನೆ ಅರಳಿದರೆ ಸಾಲದು. ಹತ್ತಿರದಿಂದ ವೇಗ ಜಾಸ್ತಿ ಇದ್ದಾಗ ಹೆಗಲಿನ ಮೂಳೆಗೆ ತಗುಲಿ ಚೂರಾದರೆ ಶ್ವಾಸಕೋಶದವರೆಗೂ ಹೋಗಲ್ಲ, ತುಂಬಾ ದೂರದಲ್ಲಿ ವೇಗ ಇಳಿದರೆ ಅರಳುವುದೇ ಇಲ್ಲ. ಸೀಸ ಕಳಚದಿರಲಿ ಅಂತ ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡು ಬಂತು. ಆಫ್ರಿಕಾದ ಆನೆಗೆ ಮಾತ್ರ ಅರಳದ ಗಟ್ಟಿ ಗುಂಡೇ ಬೇಕು, ಆಳಕ್ಕೆ ಇಳಿಯಬೇಕಲ್ವಾ.

ಹಕ್ಕಿ ನೋಡುವವಳು, ಮಡಗಾಂವ್
ಸೀಸದ ಚೂರು ಮಾಂಸದಲ್ಲೇ ಉಳಿಯುತ್ತದೆ, ಅದನ್ನು ತಿಂದು ಕಾಂಡೋರ್ ರಣಹದ್ದುಗಳು ಸತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸವೇ ಇಲ್ಲ, ತಾಮ್ರದ ಗುಂಡು. ಆ ಡಬ್ಬಿ ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.